ಫರ್ನ್ ಎಲೆಯಡಿಯ ಕಂದು ಚುಕ್ಕೆ ರೋಗವೇ? ಅದರೊಳಗೆ ನಡೆಯುವುದೇನು?

ಕುಂಡದಲ್ಲಿ ಬೆಳೆಸಿದ ಫರ್ನ್, ಅಂದರೆ ಜರೀಗಿಡದ ಎಲೆಯನ್ನು ಮಗುಚಿ ನೋಡಿದ ಹಲವರಿಗೆ ಗಾಬರಿಯಾಗುತ್ತದೆ. ಸಾಲುಸಾಲು ಕಂದು ಚುಕ್ಕೆಗಳು! ಹುಳು ಮೊಟ್ಟೆಯಿಟ್ಟಿದೆ ಎಂದುಕೊಂಡು ಕೆಲವರು ಎಲೆ ಕತ್ತರಿಸಿ ಎಸೆಯುತ್ತಾರೆ, ಕೆಲವರು ಕೀಟನಾಶಕ ಹೊಡೆಯುತ್ತಾರೆ. ಎರಡೂ ಬೇಡ. ಜರೀಗಿಡಕ್ಕೆ ಹೂವಿಲ್ಲ, ಬೀಜವೂ ಇಲ್ಲ. ಅದರ ವಂಶ ಮುಂದುವರಿಯುವುದು ಬೀಜಕ ಎಂಬ ಧೂಳಿನಂಥ ಕಣಗಳಿಂದ. ನೀವು ನೋಡಿದ ಚುಕ್ಕೆಗಳು ಬೀಜಕ ತಯಾರಾಗುವ ಪುಟ್ಟ ಚೀಲಗಳ ಗೊಂಚಲು.

ಹೆಚ್ಚಿನ ಜರೀಗಿಡಗಳಲ್ಲಿ ಒಂದು ಚೀಲದೊಳಗೆ 16 ತಾಯಿಕೋಶಗಳಿರುತ್ತವೆ. ಒಂದೊಂದೂ ಎರಡು ಸುತ್ತಿನ ವಿಭಜನೆಯಲ್ಲಿ ನಾಲ್ಕಾಗುತ್ತದೆ, ಒಟ್ಟು 64 ಬೀಜಕ. ಲೆಕ್ಕ ಸುಲಭ, ಕೆಲಸ ಸುಲಭವಲ್ಲ. ವರ್ಣತಂತುಗಳ ಸಂಖ್ಯೆ ಸರಿಯಾಗಿ ಅರ್ಧಕ್ಕಿಳಿಯಬೇಕು, ನಾಲ್ಕೂ ಬೀಜಕಗಳಿಗೆ ಒಂದೊಂದು ಪೂರ್ತಿ ಸೆಟ್ ಸಿಗಬೇಕು. ದಕ್ಷಿಣ ಭಾರತದಲ್ಲೂ ಬೆಳೆಯುವ ಆಫಿಯೋಗ್ಲಾಸಮ್ ರೆಟಿಕ್ಯುಲೇಟಮ್ ಎಂಬ ಪುಟ್ಟ ಜರೀಗಿಡದಲ್ಲಿ ಸುಮಾರು 1260 ವರ್ಣತಂತುಗಳಿವೆ. ನಮ್ಮಲ್ಲಿರುವುದು ಬರೀ 46! ಇಷ್ಟನ್ನೂ ಹಂಚುವುದು ಯಾರು?

ಕೋಶದ ಅಸ್ಥಿಪಂಜರ. ಹೆಸರು ಕೇಳಿ ಮೂಳೆ ಎಂದುಕೊಳ್ಳಬೇಡಿ, ಇದು ಪ್ರೋಟೀನ್ ಎಳೆಗಳ ಜಾಲ. ಅದರಲ್ಲಿ ಮುಖ್ಯವಾದದ್ದು ಮೈಕ್ರೊಟ್ಯೂಬ್ಯೂಲ್ ಎಂಬ ಟೊಳ್ಳು ಎಳೆ. ಅಗಲ ಸುಮಾರು 25 ನ್ಯಾನೊಮೀಟರ್, ಅಂದರೆ ತಲೆಕೂದಲಿಗಿಂತ ಸಾವಿರಾರು ಪಟ್ಟು ತೆಳು. ಮದುವೆ ಚಪ್ಪರದ ಗಳುಗಳಂತೆ ಬೇಕಾದಲ್ಲಿ ಕಟ್ಟಿಕೊಂಡು, ಕೆಲಸ ಮುಗಿದೊಡನೆ ಬಿಚ್ಚಿ, ಇನ್ನೊಂದೆಡೆ ಮತ್ತೆ ಕಟ್ಟಿಕೊಳ್ಳುತ್ತವೆ. ಮೊದಲು ಇವು ವರ್ಣತಂತುಗಳನ್ನು ಹಿಡಿದು ಎರಡು ಬದಿಗೆ ಎಳೆಯುತ್ತವೆ. ನಾಲ್ಕು ಕೋಶಕೇಂದ್ರಗಳು ಆದ ಮೇಲೆ ಒಂದೊಂದರಿಂದಲೂ ಸುತ್ತ ಹರಡುತ್ತವೆ. ಒಂದರ ಎಳೆಗಳು ಪಕ್ಕದ್ದರ ಎಳೆಗಳನ್ನು ಸಂಧಿಸುವಲ್ಲೇ ನಡುಗೋಡೆ ಏಳುತ್ತದೆ. ಜಮೀನು ಪಾಲು ಮಾಡಿ ಎಲ್ಲೆ ಕಲ್ಲು ನೆಡುವ ಸರ್ವೆಯರ್ ಕೆಲಸವೂ ಇವುಗಳದ್ದೇ ಅನ್ನಿ.

ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಹಸಿರು ಮಖಮಲ್ಲಿನಂತೆ ಹಬ್ಬುವ ಮಾಸ್ ಗಿಡಗಳದ್ದು ಇನ್ನೂ ಸೋಜಿಗ. ಅಲ್ಲಿ ವರ್ಣತಂತುಗಳು ಬೇರೆಯಾಗುವ ಮೊದಲೇ ಎಳೆಗಳು ನಾಲ್ಕು ಮೂಲೆ ಗೊತ್ತುಮಾಡಿರುತ್ತವೆ, ಕೋಶವೂ ನಾಲ್ಕು ಉಬ್ಬುಗಳಾಗಿರುತ್ತದೆ. ಮಗು ಹುಟ್ಟುವ ಮೊದಲೇ ಕೋಣೆ ಸಿದ್ಧ!

ಈ ಎಳೆಗಳೇ ಇಲ್ಲದಿದ್ದರೆ? ಕಾಲ್ಚಿಸಿನ್ ಎಂಬ ರಾಸಾಯನಿಕ ಅವು ಕಟ್ಟಿಕೊಳ್ಳದಂತೆ ತಡೆಯುತ್ತದೆ. (ನಮ್ಮ ಬೇಲಿಗಳಲ್ಲಿ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಇದೇ ವಿಷವಿದೆ, ಮುಟ್ಟಿದ ಕೈ ಬಾಯಿಗೆ ಹೋಗದಿರಲಿ.) ಆಗ ವರ್ಣತಂತುಗಳು ಹಂಚಿಕೆಯಾಗದೆ ಒಂದೇ ಕೋಶದಲ್ಲಿ ಉಳಿದುಬಿಡುತ್ತವೆ. ತಾಯಿಕೋಶದಲ್ಲಿ ಹೀಗಾದರೆ ನಾಲ್ಕರ ಬದಲು ಒಂದೋ ಎರಡೋ ದೊಡ್ಡ ಬೀಜಕ ಹುಟ್ಟಬಹುದು, ಇಲ್ಲವೇ ಮೊಳೆಯದ ಜೊಳ್ಳು.

ಇನ್ನು ನಿಮ್ಮ ಕುಂಡದ ಮಾತು. ಚುಕ್ಕೆಗಳು ಎಲೆಯ ಅಡಿಯಲ್ಲಿ ಮಾತ್ರ, ಒಂದೇ ಅಂತರದಲ್ಲಿ, ಪ್ರತಿ ಎಲೆತುಂಡಿನಲ್ಲೂ ಒಂದೇ ಮಾದರಿಯಲ್ಲಿದ್ದರೆ ಅವು ಬೀಜಕದವೇ. ಕಾಂಡದ ಮೇಲೂ ಅಡ್ಡಾದಿಡ್ಡಿ ಇದ್ದು, ಎಲೆ ಅಂಟಂಟಾಗಿದ್ದರೆ ಸ್ಕೇಲ್ ಕೀಟ ಇರಬಹುದು. ಆಗಲೂ ಅನುಮಾನವೇ? ಬಲಿತ ಎಲೆಯ ಒಂದು ಚೂರನ್ನು ಚುಕ್ಕೆ ಕೆಳಗಾಗುವಂತೆ ಬಿಳಿ ಕಾಗದದ ಮೇಲಿಟ್ಟು, ಫ್ಯಾನ್ ಗಾಳಿ ತಾಗದ ಕಡೆ ಒಂದೆರಡು ದಿನ ಬಿಡಿ. ಕಾಗದದ ಮೇಲೆ ಸಣ್ಣ ಕಂದು ಪುಡಿ ಉದುರಿದ್ದರೆ, ಸ್ಪ್ರೇ ಬಾಟಲಿ ಒಳಗಿಡಿ.