ವಾಹನದ ನಾಡಿಪರೀಕ್ಷೆ

ದೀಪಾವಳಿಯ ಸುಮಾರಿಗೆ ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಕೃಷ್ಣಾ ಘಟಪ್ರಭಾ ನದಿಗಳ ಆಸುಪಾಸಿನ ನಮ್ಮ ಸೀಮೆಯ ರಸ್ತೆಗಳು ಕಬ್ಬಿನ ಗಾಡಿಗಳಿಂದ ತುಂಬಿಹೋಗುತ್ತವೆ. ಜಮಖಂಡಿ, ಮುಧೋಳ, ಬೀಳಗಿ ತಾಲೂಕುಗಳ ಹೊಲಗಳಿಂದ ಹೊರಟ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆಯುತ್ತ ಹಗಲಿರುಳೂ ಸಕ್ಕರೆ ಕಾರಖಾನೆಗಳ ಕಡೆಗೆ ಸಾಗುತ್ತವೆ. ಕಡಿದ ಕಬ್ಬು ಬಹಳ ಹೊತ್ತು ಕಾಯಲಾರದು. ಅದರ ತೇವ ಆರಿ ತೂಕ ಇಳಿಯುತ್ತದೆ. ಒಳಗಿನ ಸುಕ್ರೋಸ್ ಎಂಬ ಸಕ್ಕರೆಯು ಒಡೆದು ಸುಲಭವಾಗಿ ಹರಳುಗಟ್ಟದ ಬೇರೆ ಸಕ್ಕರೆಗಳಾಗಿ ಮಾರ್ಪಡತೊಡಗುತ್ತದೆ. ರೈತನಿಗೆ ಹಣ ಸಿಗುವುದಾದರೋ ತೂಕದ ಮೇಲೆ. ಆದುದರಿಂದ ಒಂದು ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಅದರ ನಷ್ಟವನ್ನು ಚಾಲಕನೊಬ್ಬನೇ ಅನುಭವಿಸುವುದಿಲ್ಲ.

ಹಿಂದಿನ ಕಾಲದ ಟ್ರ್ಯಾಕ್ಟರಿನಲ್ಲಿ ಕೆಡುವ ಭಾಗಗಳು ಎಣಿಕೆಗೆ ಸಿಗುತ್ತಿದ್ದುವು. ಗ್ಯಾರೇಜಿನ ಮಿಸ್ತ್ರಿಯು ಇಂಜಿನಿನ ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ, ದೋಷ ಇಂತಹದೆಂದು ಹೇಳಬಲ್ಲವನಾಗಿದ್ದನು. ಆ ವಿದ್ಯೆಗೆ ಇಂದಿಗೂ ಬೆಲೆಯಿದೆ. ಆದರೆ ೨೦೨೦ರ ಏಪ್ರಿಲಿನಿಂದ ಹೊಸ ಕಾರು, ಲಾರಿ, ಬೈಕುಗಳಿಗೆ ಭಾರತ್ ಸ್ಟೇಜ್-೬ ಎಂಬ ಹೊಗೆಮಿತಿಯೂ, ೨೦೨೩ರ ಜನವರಿಯಿಂದ ೫೦ ಅಶ್ವಶಕ್ತಿಯನ್ನು ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಅವುಗಳದೇ ಆದ ಬಿಗಿಯಾದ ಮಿತಿಯೂ ಜಾರಿಗೆ ಬಂದುವು. ಇಂತಹ ಇಂಜಿನುಗಳಲ್ಲಿ ಇಂಧನವನ್ನು ಯಾವ ಕ್ಷಣದಲ್ಲಿ ಎಷ್ಟು ಚಿಮ್ಮಿಸಬೇಕೆಂಬುದನ್ನು ನಿಶ್ಚಯಿಸುವುದು ಒಂದು ಚಿಕ್ಕ ಕಂಪ್ಯೂಟರು. ಅದಕ್ಕೆ ಸುದ್ದಿ ತಂದುಕೊಡುವ ಸೆನ್ಸರುಗಳು ಹತ್ತಾರು. ಸುದ್ದಿ ತಪ್ಪಿದರೆ ಇಂಜಿನು ನಿಲ್ಲುತ್ತದೆ. ಆಗ ಸದ್ದೂ ಇಲ್ಲ, ಹೊಗೆಯೂ ಇಲ್ಲ. ಮಿಸ್ತ್ರಿಯ ಕಿವಿಗೆ ಕೇಳಲು ಏನೂ ಉಳಿಯುವುದಿಲ್ಲ.

ಈಗ ಗ್ಯಾರೇಜುಗಳಲ್ಲಿ ಇದಕ್ಕಾಗಿ ಬಳಕೆಯಲ್ಲಿರುವ ಉಪಕರಣಗಳು ಎರಡು. ಒಂದು, ಎಲ್ಲರೂ ಬಲ್ಲ ಮಲ್ಟಿಮೀಟರು. ಅದು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಹೊಸ ಅಂಕೆಯನ್ನು ತೋರಿಸುತ್ತದೆ. ಆ ನಡುವೆ ನಡೆದುದನ್ನೆಲ್ಲ ಸರಾಸರಿ ಮಾಡಿ ಒಂದೇ ಅಂಕೆಯಲ್ಲಿ ಅಡಗಿಸಿಬಿಡುತ್ತದೆ. ಬನಹಟ್ಟಿಯ ವಿದ್ಯುತ್ ಮಗ್ಗದ ಮುಂದೆ ನಿಂತವರು ಬಲ್ಲರು: ಲಾಳಿಯು ಅತ್ತಿಂದಿತ್ತ ಹಾರುವುದನ್ನು ಕಣ್ಣು ಹಿಡಿಯಲಾರದು, ಕಾಣುವುದು ನೇಯ್ದು ಮುಗಿದ ಬಟ್ಟೆ. ಎಳೆ ತಪ್ಪಿದ ಕ್ಷಣ ಯಾವುದೆಂದು ತಿಳಿಯಬೇಕಾದರೆ ಲಾಳಿಯನ್ನೇ ನೋಡುವ ಉಪಾಯ ಬೇಕು. ಎರಡನೆಯ ಉಪಕರಣ ಸ್ಕ್ಯಾನರು. ಕಂಪ್ಯೂಟರಿನ ನೆನಪಿನಲ್ಲಿ ದಾಖಲಾದ ದೋಷಸಂಕೇತವನ್ನು ಅದು ಓದಿ ಹೇಳುತ್ತದೆ. ಉದಾಹರಣೆಗೆ ಪಿ೦೩೩೫ ಎಂದು ಬಂದರೆ, ಕ್ರ್ಯಾಂಕ್ ದಂಡದ ಸ್ಥಾನವನ್ನು ತಿಳಿಸುವ ಸೆನ್ಸರಿನ ವಿದ್ಯುನ್ಮಂಡಲದಲ್ಲಿ ದೋಷವಿದೆ ಎಂದು ಅರ್ಥ. ಮಂಡಲವೆಂದ ಮೇಲೆ ಸೆನ್ಸರು, ತಂತಿ, ಜೋಡಣೆ, ಹಲ್ಲುಚಕ್ರ, ಕಂಪ್ಯೂಟರಿನ ಒಳಭಾಗ ಎಲ್ಲವೂ ಸೇರಿದುವಷ್ಟೆ. ಸಂಕೇತವು ಓಣಿಯನ್ನು ತೋರಿಸುತ್ತದೆ, ಮನೆಯನ್ನು ತೋರಿಸುವುದಿಲ್ಲ. ಮನೆಯನ್ನು ಊಹಿಸಿ ಹೊಸ ಸೆನ್ಸರು ಕೊಂಡು ಹಾಕುವುದು ರೂಢಿ. ಊಹೆ ತಪ್ಪಿದರೆ ಹಣ ಹೋಯಿತು, ದೋಷ ಉಳಿಯಿತು.

ಇಲ್ಲಿಯೇ ಆಸಿಲೋಸ್ಕೋಪಿನ ಉಪಯೋಗ. ೧೮೯೭ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ಭೌತವಿಜ್ಞಾನಿ ಕ್ಯಾಥೋಡ್ ಕಿರಣಗಳ ನಳಿಗೆಯೊಂದನ್ನು ರಚಿಸಿ, ಕ್ಷಣಕ್ಷಣಕ್ಕೂ ಬದಲಾಗುವ ವಿದ್ಯುತ್ಪ್ರವಾಹವನ್ನು ಬೆಳಕಿನ ಗೆರೆಯಾಗಿ ಕಾಣುವಂತೆ ಮಾಡಿದನು. (ಅವನಿಗೆ ೧೯೦೯ರಲ್ಲಿ ಮಾರ್ಕೋನಿಯೊಡನೆ ನೊಬೆಲ್ ಬಹುಮಾನ ದೊರೆತುದು ಇದಕ್ಕಾಗಿ ಅಲ್ಲ, ನಿಸ್ತಂತು ವಾರ್ತಾಪ್ರೇಷಣದ ಕೆಲಸಕ್ಕಾಗಿ.) ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಮೇಜಿನ ಮೇಲೆ ಕುಳಿತಿರುತ್ತಿದ್ದ ಭಾರವಾದ ಪೆಟ್ಟಿಗೆಯು ಆ ನಳಿಗೆಯ ಸಂತಾನವೇ. ಇಂದು ಅಂಗೈಯಲ್ಲಿ ಹಿಡಿಸುವ ಆಸಿಲೋಸ್ಕೋಪಿನಲ್ಲಿ ನಳಿಗೆಯಿಲ್ಲ. ವೋಲ್ಟೇಜನ್ನು ಸೆಕೆಂಡಿಗೆ ಲಕ್ಷಾಂತರ ಸಲ ಅಳೆದು, ಅಳತೆಗಳನ್ನು ಚುಕ್ಕೆಗಳಾಗಿ ಪರದೆಯ ಮೇಲೆ ಜೋಡಿಸುವ ಮಂಡಲವಿದೆ. ಕೆಲವು ಸಾವಿರ ರೂಪಾಯಿಗಳಿಗೆ ಇದು ದೊರೆಯುತ್ತದೆ, ಬ್ಯಾಟರಿಯಿಂದ ನಡೆಯುತ್ತದೆ, ಹೊಲದ ಬದುವಿಗೂ ಒಯ್ಯಬಹುದು.

ಪರದೆಯಲ್ಲಿ ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ವೋಲ್ಟೇಜು. ಗಣಿತದಲ್ಲಿ ಬರೆಯುವ ನಕ್ಷೆಯೇ ಇದು. ಹೊಸಬರಿಗೆ ತೊಡಕೆನಿಸುವುದು ಟ್ರಿಗರ್ ಎಂಬ ಗುಂಡಿ ಮಾತ್ರ. ಜಾತ್ರೆಯಲ್ಲಿ ತಿರುಗುವ ತೊಟ್ಟಿಲನ್ನು ನೋಡುವಾಗ, ಕೆಂಪು ತೊಟ್ಟಿಲು ತುದಿಗೆ ಬಂದಾಗಲೊಮ್ಮೆ ಮಾತ್ರ ಕಣ್ಣು ತೆರೆದು ಮುಚ್ಚಿದೆವೆನ್ನಿ. ತೊಟ್ಟಿಲುಗಳೆಲ್ಲ ನಿಂತಲ್ಲೇ ನಿಂತಂತೆ ಕಾಣುತ್ತವೆ. ಟ್ರಿಗರ್ ಮಾಡುವುದೂ ಇದನ್ನೇ. ಅಲೆಯು ಗೊತ್ತುಮಾಡಿದ ಎತ್ತರವನ್ನು ದಾಟಿದಾಗಲೆಲ್ಲ ಚಿತ್ರವನ್ನು ಮೊದಲಿನಿಂದ ಬರೆಯುತ್ತದೆ, ಓಡುವ ಅಲೆ ಸ್ಥಿರವಾಗುತ್ತದೆ.

ಈಗ ಆ ಕ್ರ್ಯಾಂಕ್ ಸೆನ್ಸರನ್ನೇ ತೆಗೆದುಕೊಳ್ಳೋಣ. ಕ್ರ್ಯಾಂಕ್ ದಂಡದೊಡನೆ ಒಂದು ಉಕ್ಕಿನ ಹಲ್ಲುಚಕ್ರ ತಿರುಗುತ್ತದೆ. ಅನೇಕ ಇಂಜಿನುಗಳಲ್ಲಿ ಅದರ ಪರಿಧಿಯನ್ನು ೬೦ ಹಲ್ಲುಗಳಿಗೆ ಭಾಗಿಸಿ, ಎರಡು ಹಲ್ಲುಗಳ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಉಳಿದ ೫೮ ಹಲ್ಲುಗಳೆದುರಿಗೆ, ಸುಮಾರು ಒಂದು ಮಿಲಿಮೀಟರಿನ ಅಂತರದಲ್ಲಿ, ಒಂದು ಅಯಸ್ಕಾಂತವೂ ಅದರ ಸುತ್ತ ತಾಮ್ರದ ಸುರುಳಿಯೂ ಇರುತ್ತವೆ. ಹಲ್ಲು ಹತ್ತಿರ ಬಂದಾಗ ಸುರುಳಿಯ ಮೂಲಕ ಹಾಯುವ ಕಾಂತರೇಖೆಗಳು ಹೆಚ್ಚುತ್ತವೆ, ದೂರ ಹೋದಾಗ ಕಡಿಮೆಯಾಗುತ್ತವೆ. ಈ ಬದಲಾವಣೆಯ ದರಕ್ಕೆ ಅನುಗುಣವಾಗಿ ಸುರುಳಿಯಲ್ಲಿ ವೋಲ್ಟೇಜು ಹುಟ್ಟುತ್ತದೆ. ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆ ಇದೇ. ಪರೀಕ್ಷೆಗೆಂದು ನಾವು ಕಂಠಪಾಠ ಮಾಡುವ ನಿಯಮವು ಬೀಳಗಿಯ ರಸ್ತೆಯಲ್ಲಿ ಓಡುವ ಲಾರಿಯ ಹೊಟ್ಟೆಯಲ್ಲಿ ಎಡೆಬಿಡದೆ ದುಡಿಯುತ್ತಿದೆ.

ಇಂಜಿನು ನಿಮಿಷಕ್ಕೆ ೮೦೦ ಸುತ್ತು ತಿರುಗುತ್ತಿದೆಯೆನ್ನೋಣ. ಒಂದು ಸುತ್ತಿಗೆ ೭೫ ಮಿಲಿಸೆಕೆಂಡು; ಒಂದು ಹಲ್ಲಿಗೆ ೧.೨೫ ಮಿಲಿಸೆಕೆಂಡು. ಸೆಕೆಂಡಿಗೆ ೮೦೦ ಹಲ್ಲುಗಳ ಲೆಕ್ಕ. ಚಕ್ರದ ೬೦ ಭಾಗಗಳೂ ನಿಮಿಷದ ೬೦ ಸೆಕೆಂಡುಗಳೂ ಒಂದನ್ನೊಂದು ಹೊಡೆದುಹಾಕುವುದರಿಂದ ಸುತ್ತಿನ ಸಂಖ್ಯೆಯೇ ಅಲೆಯ ಆವರ್ತನವಾಗಿಬಿಡುವ ಈ ಏರ್ಪಾಡು ಲೆಕ್ಕದ ಮೇಷ್ಟರಿಗೆ ಸಂತೋಷ ಕೊಡತಕ್ಕದ್ದು. ಪರದೆಯ ಮೇಲೆ ಸಾಲಾಗಿ ಏರಿಳಿಯುವ ಅಲೆಗಳು, ನಡುವೆ ಪ್ರತಿ ಸುತ್ತಿಗೊಮ್ಮೆ ೩.೭೫ ಮಿಲಿಸೆಕೆಂಡಿನ ಒಂದು ಅಗಲವಾದ ತೆರಪು. ಆ ತೆರಪಿನಿಂದಲೇ ಕಂಪ್ಯೂಟರು ಪಿಸ್ಟನ್ ಎಲ್ಲಿದೆಯೆಂದು ತಿಳಿಯುವುದು.

ಸೆಲ್ಫ್ ಹೊಡೆಯುವಾಗ ಇಂಜಿನು ನಿಮಿಷಕ್ಕೆ ೨೦೦ ಸುತ್ತಿನ ಆಸುಪಾಸಿನಲ್ಲಿ ಮೆಲ್ಲನೆ ತಿರುಗುತ್ತದೆ. ಬದಲಾವಣೆಯ ದರ ಕಾಲುಭಾಗಕ್ಕಿಳಿದಾಗ ಅಲೆಯ ಎತ್ತರವೂ ಹಾಗೆಯೇ ಕುಗ್ಗುತ್ತದೆ. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೆತ್ತಿಕೊಂಡಿದ್ದರೆ, ಇಲ್ಲವೆ ಅಂತರ ಹೆಚ್ಚಿದ್ದರೆ, ಕುಗ್ಗಿದ ಅಲೆ ಕಂಪ್ಯೂಟರಿನ ಎಣಿಕೆಗೆ ಸಿಗದೆ ಹೋಗುತ್ತದೆ. ಒಮ್ಮೆ ಹೇಗಾದರೂ ಚಾಲೂ ಆದ ಗಾಡಿ ದಿನವೆಲ್ಲ ಚೆನ್ನಾಗಿ ಓಡಿ, ಮರುದಿನ ಮುಂಜಾನೆ ಮತ್ತೆ ಹಟ ಹಿಡಿಯುವುದರ ಗುಟ್ಟು ಎಷ್ಟೋ ಸಲ ಇಷ್ಟೇ ಆಗಿರುತ್ತದೆ.

ರಬಕವಿಯ ಗ್ಯಾರೇಜೊಂದರಲ್ಲಿ ನಾನು ಕಂಡ ಸಂಗತಿ ಇದಕ್ಕೆ ತಿರುಗುಮುರುಗಾಗಿತ್ತು. ಸೀರೆಯ ಗಂಟುಗಳನ್ನು ಸಾಗಿಸುವ ಸಣ್ಣ ಗಾಡಿ. ಮುಂಜಾನೆ ತಕ್ಷಣ ಚಾಲೂ ಆಗುವುದು. ದೂರ ಓಡಿ ಬಂದು ನಿಲ್ಲಿಸಿದರೆ ಅರ್ಧ ಗಂಟೆ ಸೆಲ್ಫ್ ಹೊಡೆದರೂ ಆಗದು. ಸ್ಕ್ಯಾನರು ಹೇಳಿದ್ದು ಅದೇ ಪಿ೦೩೩೫. ಸೆನ್ಸರನ್ನು ಎರಡು ಸಲ ಬದಲಿಸಿ ಆಗಿತ್ತು. “ಮೀಟರಿನ್ಯಾಗ ಎಲ್ಲಾ ಬರೋಬ್ಬರಿ ತೋರಸ್ತೈತ್ರಿ ಸರ, ಗಾಡಿ ಮಾತ್ರ ಚಾಲೂನ ಆಗವಲ್ದು” ಎಂದರು ಮಿಸ್ತ್ರಿ. ಮೀಟರು ಸುಳ್ಳು ಹೇಳಿರಲಿಲ್ಲ. ಬಿಸಿಯಾದ ಸುರುಳಿಯ ರೋಧ ಹೆಚ್ಚಾಗಿತ್ತು ನಿಜ; ತಾಮ್ರದ ರೋಧವು ಪ್ರತಿ ಡಿಗ್ರಿಗೆ ಶೇಕಡಾ ೦.೩೯ರಂತೆ ಏರುವುದರಿಂದ ೭೦ ಡಿಗ್ರಿ ಬಿಸಿಯೇರಿದರೆ ಕಾಲುಭಾಗಕ್ಕೂ ಮೀರಿ ಹೆಚ್ಚಬೇಕಾದುದೇ. ಅದು ದೋಷವಲ್ಲ, ತಾಮ್ರದ ಸ್ವಭಾವ.

ಆಸಿಲೋಸ್ಕೋಪಿನ ಎರಡು ಕಡ್ಡಿಗಳಲ್ಲಿ ಒಂದನ್ನು ಸೆನ್ಸರಿನ ಬಳಿಯೂ ಇನ್ನೊಂದನ್ನು ಅದೇ ತಂತಿಯ ಕೊನೆಗೆ, ಕಂಪ್ಯೂಟರಿನ ಬಳಿಯೂ ಹಿಡಿಯಲಾಯಿತು. ತಣ್ಣಗಿದ್ದಾಗ ಎರಡು ಗೆರೆಗಳೂ ಅವಳಿಗಳಂತಿದ್ದುವು. ಗಾಡಿಯನ್ನು ಓಡಿಸಿ ತಂದು ನಿಲ್ಲಿಸಿ ಹತ್ತು ನಿಮಿಷದ ನಂತರ ನೋಡಿದರೆ, ಮೇಲಿನ ಗೆರೆಯಲ್ಲಿ ಅಲೆಗಳು ಅಚ್ಚುಕಟ್ಟಾಗಿವೆ; ಕೆಳಗಿನ ಗೆರೆಯಲ್ಲಿ ಅಲೆಯೇ ಇಲ್ಲ, ಬರಿಯ ಗದ್ದಲ. ಸೆನ್ಸರು ಸುದ್ದಿಯನ್ನು ಹೇಳುತ್ತಿದೆ, ಸುದ್ದಿ ತಲುಪುತ್ತಿಲ್ಲ! ತಂತಿಯ ಜಾಡು ಹಿಡಿದು ಹೋದಾಗ ಸೈಲೆನ್ಸರಿನ ಕೊಳವೆಯ ಸಮೀಪದಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ತಾಮ್ರ ತುಂಡಾಗಿತ್ತು. ತಣ್ಣಗಿರುವಾಗ ತುಂಡುಗಳು ಒಂದಕ್ಕೊಂದು ತಾಗಿಕೊಂಡಿರುತ್ತಿದ್ದುವು. ಓಡುವಾಗ ಬೀಸುವ ಗಾಳಿಯಿಂದ ಆ ಜಾಗ ಅಷ್ಟಾಗಿ ಕಾಯುತ್ತಿರಲಿಲ್ಲ. ನಿಂತ ಮೇಲೆ ಕಾವು ಏರಿ ಹೊದಿಕೆ ಹಿಗ್ಗಿ ತುಂಡುಗಳನ್ನು ಬೇರ್ಪಡಿಸುತ್ತಿತ್ತು. ಗೇಣುದ್ದದ ತಂತಿಯಿಂದ ಗಾಡಿ ಸರಿಯಾಯಿತು. ತೆಗೆದಿಟ್ಟ ಎರಡು ಸೆನ್ಸರುಗಳೂ ಚೆನ್ನಾಗಿಯೇ ಇದ್ದುವು.

ಇನ್ನೊಂದು ಬಗೆಯ ಸೆನ್ಸರಿಗೆ ಮೂರು ತಂತಿಗಳು. ೧೮೭೯ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮ ಇದಕ್ಕೆ ಆಧಾರ. ಪ್ರವಾಹ ಹರಿಯುತ್ತಿರುವ ತೆಳುವಾದ ಪಟ್ಟಿಗೆ ಅಡ್ಡವಾಗಿ ಕಾಂತಕ್ಷೇತ್ರವಿದ್ದರೆ, ಪಟ್ಟಿಯ ಅಂಚುಗಳ ನಡುವೆ ಅಲ್ಪ ವೋಲ್ಟೇಜು ತೋರುತ್ತದೆ. ಈ ಸೆನ್ಸರಿನ ಅಲೆ ಕೋಟೆಯ ತೆನೆಗಳಂತೆ ಚೌಕಾಕಾರ. ಸಾಮಾನ್ಯವಾಗಿ ಸೊನ್ನೆಯಿಂದ ೫ ವೋಲ್ಟಿಗೆ ನೆಗೆದು ಮತ್ತೆ ಸೊನ್ನೆಗೆ ಇಳಿಯುವುದು. ಇದರ ಎತ್ತರ ವೇಗವನ್ನವಲಂಬಿಸಿಲ್ಲ. ತೆನೆಯ ಬುಡ ಸೊನ್ನೆಯನ್ನು ಮುಟ್ಟದೆ ಮೇಲೆ ತೇಲುತ್ತಿದ್ದರೆ ಅರ್ಥಿಂಗಿನ ತಂತಿಯನ್ನು ಮೊದಲು ಪರೀಕ್ಷಿಸಬೇಕು. ತುದಿ ತಗ್ಗಿದ್ದರೆ ವಿದ್ಯುತ್ತು ಪೂರೈಸುವ ತಂತಿಯನ್ನು. ಕೆಸರು ಗದ್ದೆಯಲ್ಲಿ ಓಡಾಡುವ ಗಾಡಿಗಳಲ್ಲಿ ಕಿಲುಬು ಹಿಡಿದ ಅರ್ಥಿಂಗೇ ಮೊದಲ ಸಂಶಯಕ್ಕೆ ತಕ್ಕುದೆಂದು ನನ್ನ ಅಭಿಪ್ರಾಯ.

ನನಗೆ ಅತ್ಯಂತ ಸೊಗಸೆನಿಸಿರುವ ಪ್ರಯೋಗಕ್ಕೆ ಸೆನ್ಸರೇ ಬೇಡ. ಇಂಧನ ಬರದಂತೆ ತಡೆದು, ಬ್ಯಾಟರಿಯ ಎರಡು ತುದಿಗಳಿಗೆ ಆಸಿಲೋಸ್ಕೋಪನ್ನು ಜೋಡಿಸಿ, ಸೆಲ್ಫ್ ಹೊಡೆಯಬೇಕು. ೧೨.೬ ವೋಲ್ಟಿನಲ್ಲಿದ್ದ ಗೆರೆ ಒಮ್ಮೆಗೇ ಧುಮುಕುತ್ತದೆ. ನಿಂತಿರುವ ಮೋಟಾರಿನಲ್ಲಿ ಪ್ರತಿರೋಧಿಸುವ ವೋಲ್ಟೇಜು ಇನ್ನೂ ಹುಟ್ಟಿರುವುದಿಲ್ಲವಾದುದರಿಂದ ಮೊದಲ ಕ್ಷಣದ ಪ್ರವಾಹ ಅತಿ ಹೆಚ್ಚು. ತಿರುಗತೊಡಗಿದ ಮೇಲೆ ಗೆರೆ ಚೇತರಿಸಿಕೊಂಡು ಅಲೆಯಲೆಯಾಗಿ ಸಾಗುತ್ತದೆ. ಆ ಒಂದೊಂದು ತಗ್ಗೂ ಒಂದೊಂದು ಸಿಲಿಂಡರಿನಲ್ಲಿ ಗಾಳಿ ಅದುಮಿಸಿಕೊಳ್ಳುವ ಹೊತ್ತು. ಅದುಮುವುದಕ್ಕೆ ಮೋಟಾರು ಹೆಚ್ಚು ಶ್ರಮಪಡುತ್ತದೆ, ಹೆಚ್ಚು ಪ್ರವಾಹ ಎಳೆಯುತ್ತದೆ, ಬ್ಯಾಟರಿಯ ವೋಲ್ಟೇಜು ಇಳಿಯುತ್ತದೆ. ನಾಲ್ಕು ಸಿಲಿಂಡರಿನ ಇಂಜಿನಿನಲ್ಲಿ ಎರಡು ಸುತ್ತಿಗೆ ನಾಲ್ಕು ತಗ್ಗು; ಮೂರು ಸಿಲಿಂಡರಿನ ಟ್ರ್ಯಾಕ್ಟರಿನಲ್ಲಿ ಮೂರು. ಎಲ್ಲವೂ ಸಮನಾಗಿದ್ದರೆ ಸಿಲಿಂಡರುಗಳ ಅದುಮುವ ಶಕ್ತಿಯಲ್ಲಿ ಭೇದವಿಲ್ಲವೆಂದು ತಿಳಿಯಬಹುದು. ಪ್ರತಿ ಮೂರನೆಯ ತಗ್ಗು ಮಾತ್ರ ಆಳವಿಲ್ಲದೆ ಹೋದರೆ ಒಂದು ಸಿಲಿಂಡರಿನ ವಾಲ್ವಿನಲ್ಲೋ ರಿಂಗಿನಲ್ಲೋ ಗಾಳಿ ಸೋರುತ್ತಿದೆ. ಒಂದು ಬೋಲ್ಟನ್ನೂ ಬಿಚ್ಚದೆ, ಎರಡು ತಂತಿಗಳಿಂದ, ಇಂಜಿನಿನ ಒಡಲೊಳಗಿನ ಸಮಾಚಾರ ಹೊರಬಿತ್ತು. ಸೋರುವ ಸಿಲಿಂಡರು ಯಾವುದೆಂದು ಗುರುತಿಸಲು ಮಾತ್ರ ಇನ್ನೊಂದು ಗೆರೆಯ ನೆರವು ಬೇಕು.

ಡೈನಮೋ ಎಂದು ಗ್ಯಾರೇಜಿನಲ್ಲಿ ಕರೆಯುವ ಆಲ್ಟರ್ನೇಟರಿನಲ್ಲಿಯೂ ಮೀಟರು ಮೋಸಹೋಗುವುದುಂಟು. ಮೂರು ಸುರುಳಿಗಳ ಪ್ರತ್ಯಾವರ್ತಿ ಪ್ರವಾಹವನ್ನು ಕನಿಷ್ಠ ಆರು ಡಯೋಡುಗಳು ಏಕಮುಖ ಮಾಡುತ್ತವೆ. ಒಂದು ಡಯೋಡು ಸತ್ತರೂ ಮೀಟರು ೧೩ ವೋಲ್ಟಿಗೂ ಮೇಲೆ ತೋರಿಸಿ ಸಮಾಧಾನ ಹೇಳಬಹುದು. ಪರದೆಯಲ್ಲಾದರೆ ಸಮನಾದ ಸಣ್ಣ ಗುಬ್ಬುಗಳ ಸಾಲಿನಲ್ಲಿ ಮತ್ತೆ ಮತ್ತೆ ಒಂದು ಗುಂಡಿ ಕಾಣುತ್ತದೆ. ಗಾಡಿಯ ಬೇರೆ ಬೇರೆ ಕಂಪ್ಯೂಟರುಗಳು ಪರಸ್ಪರ ಮಾತನಾಡುವ ಕ್ಯಾನ್ ಎಂಬ ಜೋಡಿತಂತಿಯನ್ನೂ ಹೀಗೆ ನೋಡಬಹುದು. ಬಾಷ್ ಸಂಸ್ಥೆ ೧೯೮೬ರಲ್ಲಿ ಬೆಳಕಿಗೆ ತಂದ ಈ ಪದ್ಧತಿಯಲ್ಲಿ ಎರಡೂ ತಂತಿಗಳು ೨.೫ ವೋಲ್ಟಿನಲ್ಲಿ ವಿಶ್ರಮಿಸುತ್ತವೆ; ಮಾತನಾಡುವಾಗ ಒಂದು ೩.೫ಕ್ಕೆ ಏರುತ್ತದೆ, ಇನ್ನೊಂದು ೧.೫ಕ್ಕೆ ಇಳಿಯುತ್ತದೆ, ಕನ್ನಡಿಯೊಳಗಿನ ಪ್ರತಿಬಿಂಬದಂತೆ. ಬಿಂಬ ಪ್ರತಿಬಿಂಬಗಳು ಹೊಂದದಿದ್ದರೆ ತಂತಿಯಲ್ಲಿ ದೋಷ.

ಈ ಉಪಕರಣವೂ ದಾರಿ ತಪ್ಪಿಸಬಲ್ಲದು. ಸಿನೆಮಾದಲ್ಲಿ ಮುಂದೆ ಓಡುವ ಜಟಕಾಬಂಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ಓದುಗರು ನೋಡಿರಬಹುದು. ಅಲೆಯ ಆವರ್ತನಕ್ಕೆ ಎರಡರಷ್ಟಕ್ಕಿಂತ ಕಡಿಮೆ ಸಲ ಅಳತೆ ತೆಗೆದರೆ ಪರದೆಯಲ್ಲಿಯೂ ಇಲ್ಲದ ಅಲೆಯೊಂದು ಮೂಡುತ್ತದೆ. ಹತ್ತರಷ್ಟು ತೆಗೆಯುವುದು ಕ್ಷೇಮ. ಇಂಧನ ಚಿಮ್ಮಿಸುವ ಇಂಜೆಕ್ಟರಿನ ಸುರುಳಿಗೆ ಪ್ರವಾಹ ಕಡಿದ ಕ್ಷಣದಲ್ಲಿ, ೧೨ ವೋಲ್ಟಿನ ಗಾಡಿಯಲ್ಲಿಯೂ ೬೦ ವೋಲ್ಟಿಗೆ ಮೀರಿದ ಪೆಟ್ಟು ಹುಟ್ಟಬಹುದು. ಅಲ್ಲಿ ವೋಲ್ಟೇಜನ್ನು ಹತ್ತರಲ್ಲೊಂದು ಭಾಗಕ್ಕೆ ಇಳಿಸುವ ಕಡ್ಡಿಯನ್ನೇ ಬಳಸತಕ್ಕದ್ದು. ಸ್ಪಾರ್ಕ್ ಪ್ಲಗ್ಗಿನ ತಂತಿಯಲ್ಲಿ ೨೦,೦೦೦ ವೋಲ್ಟಿಗೂ ಹೆಚ್ಚಿರುತ್ತದೆ, ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳಲ್ಲಿ ನೂರಾರು ವೋಲ್ಟು. ಇವೆರಡನ್ನೂ ಈ ಉಪಕರಣದಿಂದಾಗಲಿ ಕೈಯಿಂದಾಗಲಿ ವಿದ್ಯಾರ್ಥಿಗಳು ಮುಟ್ಟಲೇಕೂಡದು.

ಕೆಟ್ಟ ಅಲೆಯನ್ನು ಗುರುತಿಸಬೇಕಾದರೆ ಒಳ್ಳೆಯ ಅಲೆ ಹೇಗಿರುತ್ತದೆಂದು ಗೊತ್ತಿರಬೇಕು. ಅದನ್ನು ಯಾವ ಪುಸ್ತಕವೂ ಎಲ್ಲ ಗಾಡಿಗಳಿಗೂ ಬರೆದಿಟ್ಟಿಲ್ಲ. ಕಬ್ಬಿನ ಹಂಗಾಮು ಮುಗಿದು ಗ್ಯಾರೇಜಿನಲ್ಲಿ ಕೆಲಸ ಕಡಿಮೆಯಿರುವ ಬೇಸಿಗೆಯಲ್ಲಿ, ಊರಿನ ಮಿಸ್ತ್ರಿಯೊಬ್ಬರ ಒಪ್ಪಿಗೆ ಪಡೆದು, ಸುಸ್ಥಿತಿಯಲ್ಲಿರುವ ಗಾಡಿಗಳ ಅಲೆಗಳನ್ನು ಒಂದೊಂದಾಗಿ ದಾಖಲೆ ಮಾಡಬಹುದು. ಗಾಡಿಯ ಮಾದರಿ, ಇಂಜಿನಿನ ಸುತ್ತು, ಒಂದು ಚೌಕಕ್ಕೆ ಎಷ್ಟು ವೋಲ್ಟು, ಎಷ್ಟು ಮಿಲಿಸೆಕೆಂಡು, ಕಡ್ಡಿಯನ್ನು ಹಿಡಿದುದು ಯಾವ ಬಣ್ಣದ ತಂತಿಗೆ, ಆಗ ಇಂಜಿನು ತಣ್ಣಗಿತ್ತೇ ಬಿಸಿಯಾಗಿತ್ತೇ, ಇಷ್ಟನ್ನೂ ಚಿತ್ರದ ಕೆಳಗೆ ಬರೆಯುವುದು ಅವಶ್ಯ.