ಐನ್‌ಮನೆ ಉಳಿಯಲು ದೀಪ ಹಚ್ಚುವವರು ಬೇಕು

ಕೊಡಗಿಗೆ ಬರುವ ಪ್ರವಾಸಿಗರು ರಾಜಾಸೀಟು, ಅಬ್ಬಿ ಜಲಪಾತ, ಮಡಿಕೇರಿಯ ಕೋಟೆಗಳನ್ನು ನೋಡಿ ಹಿಂದಿರುಗುತ್ತಾರೆ. ಈ ಜಿಲ್ಲೆಯ ನಿಜವಾದ ವಾಸ್ತುಸಂಪತ್ತು ಇರುವುದು ಮುಖ್ಯರಸ್ತೆಯಿಂದ ದೂರದಲ್ಲಿ, ಭತ್ತದ ಗದ್ದೆಗಳ ಅಂಚಿನಲ್ಲಿ, ಕಾಫಿ ತೋಟಗಳ ಮರೆಯಲ್ಲಿ. ಅಲ್ಲಿರುವ ಐನ್‌ಮನೆಗಳಿಗೆ ಫಲಕವಿಲ್ಲ, ಪ್ರವೇಶಶುಲ್ಕವಿಲ್ಲ, ಕಾವಲುಗಾರನೂ ಇಲ್ಲ. ಆದರೂ ನೂರು ವರ್ಷ ದಾಟಿದ ಇಂತಹ ಎಷ್ಟೋ ಮನೆಗಳು ಇಂದಿಗೂ ನಿಂತಿವೆ. ಹಳೆಯ ಕಟ್ಟಡಗಳ ಸಂರಕ್ಷಣೆಯೆಂದರೆ ಸರ್ಕಾರದ ಇಲಾಖೆಯೊಂದು ಮಾಡಬೇಕಾದ ಕೆಲಸ ಎಂದು ನಂಬಿರುವ ನಮಗೆ ಇದು ಯೋಚಿಸಬೇಕಾದ ಸಂಗತಿ. ಯಾವ ಇಲಾಖೆಯೂ ಕಾಯದ ಈ ಮನೆಗಳು ಇಷ್ಟು ಕಾಲ ಹೇಗೆ ಉಳಿದವು? ಇಷ್ಟು ಕಾಲ ಉಳಿದವು ಈಗೇಕೆ ಒಂದೊಂದಾಗಿ ಕುಸಿಯುತ್ತಿವೆ?

ಐನ್‌ಮನೆಯೆಂದರೆ ಒಂದು ಒಕ್ಕದ ಮೂಲಮನೆ. ಒಬ್ಬನೇ ಮೂಲಪುರುಷನಿಂದ ಕವಲೊಡೆದ, ಒಂದೇ ಮನೆಹೆಸರು ಹೊತ್ತ ಎಲ್ಲ ಸಂಸಾರಗಳೂ ಸೇರಿದರೆ ಒಕ್ಕ. ಕೊಡವರಲ್ಲಿ ಮಾತ್ರವಲ್ಲದೆ ಅಮ್ಮಕೊಡವರು, ಹೆಗ್ಗಡೆಯವರು, ಅರೆಭಾಷೆ ಗೌಡರು ಮೊದಲಾದವರಲ್ಲಿಯೂ ಐನ್‌ಮನೆಗಳಿವೆ. ಸಾಮಾನ್ಯವಾಗಿ ಗದ್ದೆಬಯಲಿಗೆ ಮುಖಮಾಡಿದ ಎತ್ತರದ ನೆಲದಲ್ಲಿ ಮನೆ ಇರುತ್ತದೆ. ಎರಡೂ ಬದಿಗೆ ಮಣ್ಣಿನ ದಿಬ್ಬವಿರುವ ಓಣಿಯಲ್ಲಿ ನಡೆದು ಬಂದರೆ ಅಂಗಳ. ಅಂಗಳದಿಂದ ಕಲ್ಲಿನ ಮೆಟ್ಟಿಲುಗಳು. ಅವುಗಳ ಮೇಲೆ ದಪ್ಪ ಮರದ ಕಂಬಗಳ ಜಗಲಿ. ಕಂಬಗಳ ನಡುವೆ ಕೂಡಿಸಿದ ಅಗಲವಾದ ಹಲಗೆಯೇ ಐಮರ, ಹಿರಿಯರು ಕೂರುವ ಜಾಗ. ಒಳಗೆ ನೆಲ್ಲಕ್ಕಿ ನಡುಬಾಡೆಯೆಂಬ ಪಡಸಾಲೆ, ಅಲ್ಲಿ ತೂಗುದೀಪ. ನೈಋತ್ಯದ ಕೋಣೆ ಕಾರಣವರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಮೀಸಲು. ಮನೆಯ ಸನಿಹದಲ್ಲಿ ಮೂಲಪುರುಷನ ಗುಡಿಯಾದ ಕೈಮಡ. ಕೆಲವು ಮನೆಗಳು ಉದ್ದನೆಯ ಒಂದೇ ಸಾಲಿನವು. ಇನ್ನು ಕೆಲವು ನಡುವೆ ತೆರೆದ ಅಂಗಳವಿರುವ, ಹಳೇ ಮೈಸೂರಿನ ತೊಟ್ಟಿಮನೆಯನ್ನು ನೆನಪಿಸುವ ಚೌಕಟ್ಟಿನವು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಕೃತಿಯಲ್ಲಿ ಕೊಡವ ಸಮಾಜವನ್ನು ವಿವರಿಸುವಾಗ ಒಕ್ಕಕ್ಕೆ ಕೇಂದ್ರಸ್ಥಾನ ನೀಡಿದರು. ಆ ಒಕ್ಕ ತನ್ನನ್ನು ತಾನು ಕಾಣುವ ಸ್ಥಳ ಐನ್‌ಮನೆ. ಹುತ್ತರಿಯ ರಾತ್ರಿ ಎಲ್ಲೆಲ್ಲಿಂದಲೋ ಬಂದ ಬಂಧುಗಳು ಅಲ್ಲಿ ಸೇರುತ್ತಾರೆ. ಎಲೆಗಳ ‘ನೆರೆ’ ಕಟ್ಟಿ, ಗದ್ದೆಗೆ ಹೋಗಿ, ಗುಂಡು ಹಾರಿಸಿ, ಕದಿರು ಕೊಯ್ದು, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಮನೆಗೆ ತರುತ್ತಾರೆ. ಮನೆಯ ಮಾಡು ಸೋರುತ್ತಿದ್ದರೆ ಅದು ಎಲ್ಲರ ಕಣ್ಣಿಗೂ ಬೀಳುವುದು ಆ ರಾತ್ರಿಯೇ. ಜಮ್ಮಾ ಹಿಡುವಳಿಯ ಪದ್ಧತಿಯೂ ಇದಕ್ಕೆ ಪೂರಕವಾಗಿತ್ತು. ಗದ್ದೆ ಮತ್ತು ಅದಕ್ಕೆ ಹೊಂದಿಕೊಂಡ ಬಾಣೆ ಜಮೀನು ಇಡೀ ಒಕ್ಕಕ್ಕೆ ಸೇರಿದ್ದು. ಪಟ್ಟೆದಾರನು ಒಕ್ಕದ ಪರವಾಗಿ ಅದನ್ನು ನೋಡಿಕೊಳ್ಳುವವನು. ಮಾರುವಂತಿರಲಿಲ್ಲ, ಒಬ್ಬೊಬ್ಬರೇ ಹಂಚಿಕೊಂಡು ಹೋಗುವಂತಿರಲಿಲ್ಲ. ಮನೆಯ ದುರಸ್ತಿಗೆ ಬೇಕಾದ ಮರ ಬಾಣೆಯಲ್ಲಿತ್ತು, ಕೈಗಳು ಮನೆಯಲ್ಲೇ ಇದ್ದವು.

ಐನ್‌ಮನೆ ಎಂದೂ ಬದಲಾಗದೆ ಉಳಿಯಿತೆಂದು ಇದರ ಅರ್ಥವಲ್ಲ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯುವವರೆಗೆ ಇಲ್ಲಿನ ಬಹುತೇಕ ಮನೆಗಳಿಗೆ ಹುಲ್ಲಿನ ಮಾಡು. ಮುಂದೆ ಕಾಫಿಯ ಹಣ ಬಂದಂತೆ ಹೆಂಚು, ಬಣ್ಣದ ಗಾಜು, ಸಿಮೆಂಟಿನ ನೆಲ ಬಂದವು. ಇಂದು ನಾವು ‘ಪಾರಂಪರಿಕ’ ಎಂದು ಮೆಚ್ಚುವ ಕೆಂಪು ಹೆಂಚು ಒಂದು ಕಾಲದಲ್ಲಿ ಹೊಸ ಫ್ಯಾಷನ್ನೇ ಆಗಿತ್ತು. ಕಂಬ, ದೀಪ, ಕೈಮಡಗಳ ವ್ಯವಸ್ಥೆಯನ್ನು ಉಳಿಸಿಕೊಂಡೇ ಹೊಸದನ್ನು ಒಳಗೆ ಬಿಟ್ಟುಕೊಂಡ ಆ ವಿವೇಕ ಗಮನಾರ್ಹ.

ಇದೇ ಜಿಲ್ಲೆಯಲ್ಲಿ ಸರ್ಕಾರದ ಆಸರೆಯಲ್ಲಿರುವ ಕಟ್ಟಡಗಳ ಕಥೆ ಬೇರೆ. ಕಕ್ಕಬ್ಬೆಯ ಸಮೀಪ, ತಡಿಯಂಡಮೋಳ್ ಬೆಟ್ಟದ ತಪ್ಪಲಲ್ಲಿ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯಿದೆ. ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಗೆ ಶರಣಾಗುವ ಮುನ್ನ ಆಶ್ರಯ ಪಡೆದದ್ದು ಅಲ್ಲಿಯೇ. ಮಡಿಕೇರಿಯ ಕೋಟೆಯೊಳಗಿನ ಅರಮನೆಯಲ್ಲಿ ದಶಕಗಳ ಕಾಲ ಸರ್ಕಾರಿ ಕಚೇರಿಗಳಿದ್ದವು. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಬಹುಕಾಲ ಸಾರಿಗೆ ಇಲಾಖೆಯ ಕಚೇರಿಯಾಗಿದ್ದು, 2021ರ ಫೆಬ್ರುವರಿಯಲ್ಲಿ ರಾಷ್ಟ್ರಪತಿಗಳಿಂದ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು. ಇವೆಲ್ಲ ಉಳಿದದ್ದು ಸಂತೋಷವೇ. ಆದರೆ ಒಬ್ಬ ಅರಸ ಅಥವಾ ಒಬ್ಬ ಸೇನಾನಿಯ ಹೆಸರಿರುವ ಕಟ್ಟಡಕ್ಕೆ ದೊರೆಯುವ ಅನುದಾನ, ಹೆಸರಿಲ್ಲದ ರೈತರು ಕಟ್ಟಿದ ಮನೆಗೆ ದೊರೆಯುವುದಿಲ್ಲ. ಅಂತಹ ಮನೆಗಳು ಸಂಖ್ಯೆಯಲ್ಲಿ ಹೆಚ್ಚು, ಒಡೆತನದಲ್ಲಿ ಖಾಸಗಿ. ಸ್ಮಾರಕಗಳ ಕಾನೂನು ಅವನ್ನು ಎದುರಿಗಿಟ್ಟುಕೊಂಡು ರಚಿತವಾದದ್ದಲ್ಲ.

ನನ್ನ ಒಕ್ಕದ ಉದಾಹರಣೆಯನ್ನೇ ಹೇಳಬಹುದು. ನಮ್ಮಲ್ಲಿ ಈಗ ನಲವತ್ತಕ್ಕೂ ಹೆಚ್ಚು ಸಂಸಾರಗಳಿವೆ. ಹೆಚ್ಚಿನವರು ಬೆಂಗಳೂರು, ಮೈಸೂರುಗಳಲ್ಲಿ, ಕೆಲವರು ವಿದೇಶದಲ್ಲಿ. ಐನ್‌ಮನೆಯಲ್ಲಿ ವಾಸವಿರುವವರು ವೃದ್ಧ ದಂಪತಿ ಮಾತ್ರ. ಪ್ರತಿದಿನ ಸಂಜೆ ದೀಪ ಹಚ್ಚುವುದು ಆ ಅಜ್ಜಿ. ಕಳೆದ ಹುತ್ತರಿಯ ಮರುದಿನ ಮನೆಯ ಭವಿಷ್ಯವನ್ನು ಕುರಿತು ಸಭೆ ನಡೆಯಿತು. ಪಡುವಣ ಬದಿಯ ತೊಲೆಗಳಿಗೆ ಗೆದ್ದಲು ಹಿಡಿದಿದೆ. ಕೆಡವಿ ಕಾಂಕ್ರೀಟಿನಲ್ಲಿ ಕಟ್ಟೋಣವೆಂದರು ಕೆಲವರು. ಹೋಂಸ್ಟೇ ಮಾಡಿದರೆ ಮನೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆಂದರು ಇನ್ನು ಕೆಲವರು. ದುರಸ್ತಿಯಾಗಲೆಂದವರೇ ಹೆಚ್ಚು, ಹಣ ಯಾರು ಹಾಕಬೇಕೆಂಬಲ್ಲಿ ಮಾತು ನಿಂತಿತು. ಆಗ, ಮದುವೆಯಾಗಿ ಬೇರೆ ಒಕ್ಕಕ್ಕೆ ಹೋಗಿರುವ ಮನೆಮಗಳೊಬ್ಬಳು ಎದ್ದು, ‘ಮಾಡಿನ ಮಾತು ಆಮೇಲಿರಲಿ, ಅಜ್ಜಿಯ ನಂತರ ದೀಪ ಹಚ್ಚುವವರು ಯಾರು ಎಂದು ಮೊದಲು ತೀರ್ಮಾನಿಸಿ’ ಎಂದಳು. ಸಭೆ ಕೆಲಹೊತ್ತು ಮೌನವಾಯಿತು. ಕೊನೆಗೆ ಆದ ತೀರ್ಮಾನ ಚಿಕ್ಕದು: ಒಕ್ಕದ ಸಾಮೂಹಿಕ ತೋಟದ ಒಂದು ತುಂಡಿನ ಆದಾಯವನ್ನು ಮನೆಗಾಗಿ ಪ್ರತ್ಯೇಕ ಖಾತೆಯಲ್ಲಿಡುವುದು, ಮಳೆಗೆ ಮುನ್ನ ಪಡುವಣ ಬದಿಯನ್ನಾದರೂ ಬಿಚ್ಚಿ ಕಟ್ಟುವುದು. ದೀಪದ ಪ್ರಶ್ನೆಗೆ ಇನ್ನೂ ಉತ್ತರ ದೊರೆತಿಲ್ಲ.

ಇದು ಒಂದು ಒಕ್ಕದ ಸಮಸ್ಯೆಯಾಗಿದ್ದರೆ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ಕೊಡಗಿನ ಯಾವ ಹೋಬಳಿಗೆ ಹೋದರೂ ಇದೇ ಮಾತು ಕೇಳಿಬರುತ್ತದೆ. ಎಲ್ಲರಿಗೂ ಸೇರಿದ ಮನೆ ಯಾರೊಬ್ಬರ ಜವಾಬ್ದಾರಿಯೂ ಆಗದಿರುವುದು ಮೊದಲ ತೊಡಕು. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ತೋಟದ ನಡುವೆ ಹೊಸ ಬಂಗಲೆಗಳು ಏಳುತ್ತವೆ. ಏಕೆಂದರೆ ಅದು ಸ್ವಂತದ್ದು, ಮಕ್ಕಳಿಗೆ ಬಿಟ್ಟುಹೋಗಬಹುದಾದದ್ದು. ಎರಡನೆಯದು ಸಾಮಗ್ರಿ. ಹಳೆಯ ಕಂಬಕ್ಕೆ ಸರಿಸಮನಾದ ಮರ ಸುಲಭವಾಗಿ ಸಿಗದು. ಬಾಣೆಯ ಮರದ ಮೌಲ್ಯವನ್ನು ಹಿಂದೆಯೇ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿರದಿದ್ದರೆ, ಅಲ್ಲಿ ನಿಂತ ಮರದ ಮೇಲಿನ ಹಕ್ಕು ಸರ್ಕಾರದ್ದು. ಮಂಗಳೂರಿನ ಹೆಂಚಿನ ಕಾರ್ಖಾನೆಗಳು ಬಹುಪಾಲು ಮುಚ್ಚಿವೆ. ಮೊಳೆಯಿಲ್ಲದೆ ಮರ ಜೋಡಿಸಬಲ್ಲ ಬಡಗಿಗಳು ವಯಸ್ಸಾದವರು. ಹಾಗಾಗಿ ಸೋರುವ ಮಾಡಿನ ಮೇಲೆ ತಗಡಿನ ಶೀಟು ಹೊದಿಸಿ ಕಾಲ ತಳ್ಳುವುದು ರೂಢಿಯಾಗಿದೆ. 2018 ಮತ್ತು 2019ರ ಮಳೆಗಾಲದಲ್ಲಿ ಗುಡ್ಡಗಳೇ ಜರಿದ ಜಿಲ್ಲೆಯಲ್ಲಿ ಗೋಡೆ ಒದ್ದೆಯಾಗುವುದನ್ನು ಉದಾಸೀನ ಮಾಡುವಂತಿಲ್ಲ.

ಹಾಗಾದರೆ ಈ ಮನೆಗಳನ್ನೂ ಸಂರಕ್ಷಿತ ಸ್ಮಾರಕಗಳೆಂದು ಘೋಷಿಸಬಾರದೇಕೆ ಎಂದು ಕೇಳುವವರಿದ್ದಾರೆ. ಕೇಂದ್ರದ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಕಡ್ಡಾಯ. ಮನೆಯ ಪಕ್ಕದಲ್ಲೇ ಕಾಫಿ ಒಣಗಿಸುವ ಕಣ, ಗೋದಾಮು, ದನದ ಕೊಟ್ಟಿಗೆ ಇರಬೇಕಾದ ರೈತ ಇಂತಹ ಗೌರವವನ್ನು ಬಯಸುವುದಿಲ್ಲ. ಇನ್ನೊಂದು ಮಾರ್ಗ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದ್ದು. ವಿಜಯನಾಥ ಶೆಣೈ ಅವರು ನಾಶದ ಅಂಚಿನಲ್ಲಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಅವು ಹಾಗಲ್ಲದಿದ್ದರೆ ಮರದ ವ್ಯಾಪಾರಿಗಳ ಪಾಲಾಗುತ್ತಿದ್ದವು; ಆ ಸಾಹಸಕ್ಕೆ ನಾಡು ಋಣಿಯಾಗಿರಬೇಕು. ಆದರೆ ಐನ್‌ಮನೆಯನ್ನು ಹಾಗೆ ಸಾಗಿಸಲಾಗದು. ಗದ್ದೆಯಿಂದ ಕದಿರು ತರುವ ದಾರಿ, ಕೈಮಡ, ಓಣಿ ಇವುಗಳಿಂದ ಬೇರ್ಪಟ್ಟರೆ ಉಳಿಯುವುದು ಕೆತ್ತನೆಯ ಮರ ಮಾತ್ರ.

ಕೆಲಸ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ತೋರಿಸಿಕೊಟ್ಟಿದ್ದಾರೆ. 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಸಂಗ್ರಹಿಸಿ ಪ್ರಕಟಿಸಿದ ನಡಿಕೇರಿಯಂಡ ಚಿಣ್ಣಪ್ಪನವರ ಮೊಮ್ಮಕ್ಕಳು ಇವರು. ಊರೂರು ಸುತ್ತಿ, ಐನ್‌ಮನೆಗಳನ್ನು ಹುಡುಕಿ, ಹಿರಿಯರನ್ನು ಮಾತನಾಡಿಸಿ ದಾಖಲಿಸಿ 2014ರಲ್ಲಿ ಪುಸ್ತಕವಾಗಿ ತಂದರು. ಸರ್ಕಾರ ಮಾಡಬೇಕಿದ್ದ ಸಮೀಕ್ಷೆಯ ಅಡಿಪಾಯವನ್ನು ಇಬ್ಬರು ಹಿರಿಯ ನಾಗರಿಕರು ಹಾಕಿದ್ದಾರೆ. ಅದರ ಮೇಲೆ ಕಟ್ಟುವುದಷ್ಟೇ ಉಳಿದಿರುವುದು.

ಬೇಕಾಗಿರುವುದು ಭಾರೀ ಯೋಜನೆಯಲ್ಲ. ಐನ್‌ಮನೆಯ ದುರಸ್ತಿಗೆಂದು ಒಕ್ಕ ತನ್ನದೇ ಬಾಣೆಯಿಂದ ಒಂದೆರಡು ಮರ ಕಡಿಯಲು ಅರ್ಜಿ ಹಾಕಿದಾಗ ಅದು ನಿಗದಿತ ಅವಧಿಯಲ್ಲಿ ಇತ್ಯರ್ಥವಾಗಲಿ. ಒಕ್ಕ ಹಾಕುವ ಹಣಕ್ಕೆ ಸರಿಸಮನಾಗಿ ಸರ್ಕಾರವೂ ಒಂದು ಮಿತಿಯೊಳಗೆ ನೆರವು ನೀಡಲಿ; ಕಂಬ, ಮಾಡುಗಳ ಮೂಲರೂಪ ಉಳಿಯಬೇಕೆಂಬುದಷ್ಟೇ ಅದಕ್ಕೆ ಷರತ್ತಾಗಿರಲಿ. ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳು ವರ್ಷಕ್ಕೊಂದು ಉತ್ಸವದ ಖರ್ಚನ್ನು ಉಳಿಸಿ ಹಳೆಯ ಬಡಗಿಗಳ ಬಳಿ ಹತ್ತು ಹುಡುಗರನ್ನು ಕಲಿಯಲು ಕಳುಹಿಸಲಿ.

ಒಕ್ಕಗಳ ಪಾಲಿನ ಕೆಲಸ ಇದಕ್ಕಿಂತ ದೊಡ್ಡದು. ಒಕ್ಕದ ಅಭಿಮಾನ ಬತ್ತಿದೆಯೆಂದು ಹೇಳುವಂತಿಲ್ಲ. 1997ರಲ್ಲಿ ಕರಡದಲ್ಲಿ 60 ಒಕ್ಕಗಳೊಂದಿಗೆ ಆರಂಭವಾದ ಕೌಟುಂಬಿಕ ಹಾಕಿ ಹಬ್ಬದಲ್ಲಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ಒಕ್ಕಗಳ ತಂಡಗಳು ಆಡಿದವು. ಮನೆಹೆಸರಿನ ಅಂಗಿ ತೊಟ್ಟು ಮೈದಾನಕ್ಕಿಳಿಯಲು ಊರೂರುಗಳಿಂದ ಬರುವ ಯುವಜನರು, ಅದೇ ಹೆಸರಿನ ಮನೆಗೆ ವರ್ಷಕ್ಕೆ ಒಂದು ವಾರ ಬಂದಿದ್ದು ಹೆಂಚು ತಿರುವಲಾರರೆ? ಮನೆಯಲ್ಲಿ ನೆಲೆಸಲು ಒಪ್ಪುವ ಒಂದು ಸಂಸಾರಕ್ಕೆ ಸಾಮೂಹಿಕ ಜಮೀನಿನಲ್ಲಿ ಹೆಚ್ಚಿನ ಪಾಲು ಕೊಡುವುದು, ಹೆಣ್ಣುಮಕ್ಕಳ ವಂತಿಗೆಯನ್ನೂ ಮಾತನ್ನೂ ಸ್ವೀಕರಿಸುವುದು, ಕಲ್ಯಾಣಮಂಟಪಗಳಿಗೆ ಹೋಗಿಬಿಟ್ಟ ಮದುವೆಗಳಲ್ಲಿ ಕೆಲವನ್ನಾದರೂ ಐನ್‌ಮನೆಯ ಅಂಗಳಕ್ಕೆ ಮರಳಿ ತರುವುದು — ಇವಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ. ಜನ ಬಂದು ಇದ್ದು ಬಳಸಿದಷ್ಟು ಕಾಲ ಈ ಮನೆಗಳು ಉಳಿದವು. ಇನ್ನು ಮುಂದೆಯೂ ಅವು ಉಳಿಯುವುದಾದರೆ ಅದೇ ದಾರಿಯಲ್ಲಿ.