ಮೂರನೇ ರೆಕ್ಕೆ ಗೆದ್ದ ಕಥೆ

ಸಸಿಹಿತ್ಲು, ಪಣಂಬೂರು ಕಡಲತೀರದಲ್ಲಿ ಸರ್ಫಿಂಗ್ ಸ್ಪರ್ಧೆ ನಡೆದಾಗ ನೋಡಲು ಹೋದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಅಲೆಯ ಮೇಲೆ ನಿಂತವರನ್ನು ನಾವೆಲ್ಲ ಬಾಯಿ ಬಿಟ್ಟು ನೋಡ್ತೇವೆ. ಅವರ ಕಾಲಡಿಯ ಬೋರ್ಡನ್ನು ಮಗುಚಿ ನೋಡುವವರು ಕಡಿಮೆ. ನೋಡಿದರೆ ಹಿಂತುದಿಯಲ್ಲಿ ಮೀನಿನ ರೆಕ್ಕೆಯಂಥ ಮೂರು ಫಿನ್‌ಗಳು ಹೆಚ್ಚಾಗಿ ಕಾಣ್ತವೆ. ಮೂರೇ ಯಾಕೆ? ಅದಕ್ಕೊಂದು ಕಥೆ ಉಂಟು.

1970ರ ದಶಕದ ಕೊನೆಗೆ ವೃತ್ತಿಪರ ಸರ್ಫಿಂಗ್‌ನಲ್ಲಿ ಎರಡು ಫಿನ್‌ಗಳ ಬೋರ್ಡಿನದ್ದೇ ಕಾರುಬಾರು. ಅದರ ಮೇಲೆ ಸವಾರಿ ಮಾಡುತ್ತಿದ್ದ ಆಸ್ಟ್ರೇಲಿಯಾದ ಮಾರ್ಕ್ ರಿಚರ್ಡ್ಸ್ 1979ರಿಂದ 1982ರವರೆಗೆ ಸತತ ನಾಲ್ಕು ಸಲ ವಿಶ್ವ ಚಾಂಪಿಯನ್. ಅವರದ್ದೇ ದೇಶದ ಸೈಮನ್ ಆಂಡರ್ಸನ್‌ಗೆ ಮಾತ್ರ ಆ ಬೋರ್ಡ್ ಒಗ್ಗಲೇ ಇಲ್ಲ. ಆಳು ಆರಡಿಗೂ ಎತ್ತರ, ಅದಕ್ಕೆ ತಕ್ಕ ತೂಕ. ದೊಡ್ಡ ಅಲೆಯಲ್ಲಿ ಜೋರಾಗಿ ತಿರುಗಿಸಿದರೆ ಹಿಂಬದಿ ಜಾರಿಹೋಗುತ್ತಿತ್ತು. ಹಳೆಯ ಒಂಟಿ ಫಿನ್ನಿನ ಬೋರ್ಡ್ ಜಾರುವುದಿಲ್ಲ, ಸರಿ. ಆದರೆ ಸಣ್ಣ ಅಲೆಯಲ್ಲಿ ಅದು ಬೇಗ ತಿರುಗುವುದೂ ಇಲ್ಲ. ಅಂಕ ಹೋದರೆ ಸಂಪಾದನೆಯೂ ಹೋಯ್ತು.

ಕೆತ್ತಿದವರೇ ಸವಾರರು

ಆಂಡರ್ಸನ್ ಸ್ಪರ್ಧಿ ಮಾತ್ರ ಅಲ್ಲ, ಬೋರ್ಡ್ ಮಾಡುವ ಕಸುಬುದಾರರೂ ಹೌದು. ಫೋಮಿನ ದಿಮ್ಮಿಯನ್ನು ಉಜ್ಜಿ ಆಕಾರ ಕೊಟ್ಟು, ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಹಾಸಿ, ರಾಳ ಹಚ್ಚಿ ಗಟ್ಟಿ ಮಾಡುವ ಕೆಲಸ ಅದು. 1980ರಲ್ಲಿ ಪರಿಚಯದವರೊಬ್ಬರ ಬೋರ್ಡಿನಲ್ಲಿ ಎರಡು ಫಿನ್‌ಗಳ ಹಿಂದೆ ಅರ್ಧಚಂದ್ರದಂಥ ಪುಟ್ಟ ಫಿನ್ ಇದ್ದುದು ಅವರ ಕಣ್ಣಿಗೆ ಬಿತ್ತು. ಆ ಮೂರನೆಯದನ್ನೂ ಉಳಿದೆರಡರಷ್ಟೇ ದೊಡ್ಡದು ಮಾಡಿದರೆ ಹೇಗೆ?

ಹಾಗೇ ಮಾಡಿದರು. ಎರಡು ಫಿನ್ ಅಕ್ಕಪಕ್ಕದಲ್ಲಿ, ಸ್ವಲ್ಪ ಮುಂದಕ್ಕೆ, ಮೂತಿಯ ಕಡೆ ತುಸು ಓರೆಯಾಗಿ. ಮೂರನೆಯದು ನಡುವೆ, ಹಿಂದಕ್ಕೆ. ಪಕ್ಕದವು ಬೋರ್ಡನ್ನು ಚುರುಕಾಗಿ ತಿರುಗಿಸುತ್ತವೆ. ತಿರುಗುವಾಗ ಹಿಂಬದಿ ಜಾರದಂತೆ ನಡುವಿನದ್ದು ನೀರನ್ನು ಹಿಡಿಯುತ್ತದೆ. ಇದಕ್ಕೆ ‘ಥ್ರಸ್ಟರ್’ ಅಂತ ಹೆಸರು ಬಿತ್ತು.

ಹಲವರಿಗೆ ನಂಬಿಕೆ ಬರಲಿಲ್ಲ. ಬಾಯಿಮಾತಿನಲ್ಲಿ ನಂಬಿಸುವ ವಿಷಯವೂ ಅದಲ್ಲ, ಕಡಲೇ ಹೇಳಬೇಕು. 1981ರ ಈಸ್ಟರ್ ಹೊತ್ತಿಗೆ ಆಸ್ಟ್ರೇಲಿಯಾದ ಬೆಲ್ಸ್ ಬೀಚ್ ಸ್ಪರ್ಧೆಯಲ್ಲಿ ಎದ್ದ ಭಾರೀ ಅಲೆಗಳ ಬಗ್ಗೆ ಅಲ್ಲಿನವರು ಇವತ್ತಿಗೂ ಮಾತಾಡ್ತಾರೆ. ಆ ಅಲೆಗಳಲ್ಲಿ ಆಂಡರ್ಸನ್ ಮೂರು ಫಿನ್ನಿನ ಬೋರ್ಡ್ ಹಿಡಿದು ಇಳಿದರು, ಗೆದ್ದರು. ಬಳಿಕ ಸಿಡ್ನಿಯಲ್ಲಿ ಗೆದ್ದರು. ವರ್ಷದ ಕೊನೆಗೆ ಹವಾಯಿಯ ಪೈಪ್‌ಲೈನ್‌ನಲ್ಲೂ ಗೆದ್ದರು. ಕೆಲವೇ ವರ್ಷಗಳಲ್ಲಿ ವೃತ್ತಿಪರರೆಲ್ಲ ಮೂರು ಫಿನ್ನಿಗೆ ಬಂದರು.

ಈಗಿನ ಪರೀಕ್ಷೆ

ಈಗ ವಿನ್ಯಾಸ ಕಂಪ್ಯೂಟರಿನಲ್ಲಿ, ಕೊರೆಯುವುದು ಯಂತ್ರದಲ್ಲಿ, ಬೋರ್ಡಿನ ಗಾತ್ರದ ಲೆಕ್ಕ ಲೀಟರಿನಲ್ಲಿ. ಆದರೆ ಪರೀಕ್ಷೆಯ ಕಷ್ಟ ಹಳೆಯದ್ದೇ: ಒಂದು ಅಲೆಯಂತೆ ಇನ್ನೊಂದು ಬರುವುದಿಲ್ಲ. ಚೆನ್ನಾಗಿ ಓಡಿದ್ದು ಬೋರ್ಡೋ, ಅಲೆಯೋ ಹೇಳುವುದು ಹೇಗೆ? ಕ್ಯಾಲಿಫೋರ್ನಿಯಾದ ಒಳನಾಡಿನ ಲೆಮೂರ್‌ನಲ್ಲಿ ಕೆಲ್ಲಿ ಸ್ಲೇಟರ್ ಕಟ್ಟಿಸಿದ ಅಲೆಯ ಕೊಳ ಇದಕ್ಕೊಂದು ಉತ್ತರ. ಅಲ್ಲಿ ಯಂತ್ರ ಒಂದೇ ಥರದ ಅಲೆಯನ್ನು ಮತ್ತೆ ಮತ್ತೆ ಎಬ್ಬಿಸುತ್ತದೆ. ಬೋರ್ಡ್ ಬದಲಿಸಿ, ವ್ಯತ್ಯಾಸ ನೋಡಬಹುದು. ಆದರೂ ಕೊನೆಯ ಮಾತು ಸವಾರರ ಕಾಲಿನದ್ದೇ.

ಆಂಡರ್ಸನ್ ತಮ್ಮ ಥ್ರಸ್ಟರ್‌ಗೆ ಪೇಟೆಂಟ್ ಮಾಡಿಸಲಿಲ್ಲ. ಮಾಡಿಸಿದ್ದರೆ ಎಷ್ಟು ಹಣ ಬರುತ್ತಿತ್ತೋ ಲೆಕ್ಕ ಹಾಕುವುದು ಸುಲಭ ಅಲ್ಲ. ನಲವತ್ತು ವರ್ಷ ದಾಟಿತು; ಯಾವ ಊರಿನ ಯಾವ ಕಸುಬುದಾರನೂ ಯಾರ ಅಪ್ಪಣೆಯನ್ನೂ ಕೇಳದೆ ಬೋರ್ಡಿಗೆ ಮೂರು ಫಿನ್ ಕೂರಿಸಬಹುದು. ತನ್ನ ಕಷ್ಟಕ್ಕೆ ಹುಡುಕಿದ ಪರಿಹಾರವನ್ನು ಎಲ್ಲರಿಗೂ ಬಿಟ್ಟುಕೊಟ್ಟ ಕಸುಬುದಾರರನ್ನು ನಾವು ಪದಕದ ಪಟ್ಟಿಯಲ್ಲಿ ಹುಡುಕಿದರೆ ಸಾಲದು. ಅವರ ಕೆಲಸ ನೀರಿನ ಅಡಿಯಲ್ಲಿ ಉಂಟು.